ಬೆನ್ನು ತಿರುಗಿಸಿ ನಿಂತವಳ ಮಾತು

ವೆಸ್ಟೆರಾಸ್
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಶೋಭಕ್ಕಾ,

ಹೇಗಿದ್ದೀಯ ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ. ಕ್ಷೇಮ ವಿಚಾರಿಸದೆ ಸುದ್ದಿಗೆ ಹಾರಿದರೆ ಅಪ್ಪ ಕಾಗದವನ್ನು ವಾಪಸು ಕೊಟ್ಟು ಮೊದಲಿಂದ ಬರೆಸುತ್ತಿದ್ದರಲ್ಲ, ಆ ಅಭ್ಯಾಸ ಇನ್ನೂ ಹೋಗಿಲ್ಲ. ನಿನ್ನ ಬಲಗೈ ಮಣಿಕಟ್ಟಿನ ನೋವು ಹೇಗಿದೆ? ಅತ್ತೆಯವರನ್ನು ಎಬ್ಬಿಸಿ ಕೂರಿಸುವಾಗ ಒಂದೇ ಕೈ ಮೇಲೆ ಭಾರ ಹಾಕಬೇಡ. ಭಾವ ಮನೆಯಲ್ಲಿದ್ದರೆ ಕರೆ, ಅವರು ಪೇಪರ್ ಓದುತ್ತಿದ್ದರೂ ಕರೆ. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದೀಯೋ ಅಥವಾ ಎಲ್ಲರ ತಿಂಡಿ ಆದಮೇಲೆ ನೆನಪಾಗುತ್ತದೋ? ನವ್ಯಾಗೆ ಪಿಯುಸಿಯ ಫಿಸಿಕ್ಸ್ ಟ್ಯೂಷನ್ ಹಿಡಿಸಿತೇ? ನಾವಿಲ್ಲಿ ಆರೋಗ್ಯವಾಗಿದ್ದೇವೆ. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲಾಗುವ ತಿಂಗಳು ಶುರುವಾಗಿದೆ. ಆದಿ ತನ್ನ ದಾಗಿಸ್‌ನಿಂದ, ಅದೇ ಅವನ ಶಿಶುವಿಹಾರದಿಂದ, ವಾರಕ್ಕೊಂದು ಹೊಸ ನೆಗಡಿ ಹೊತ್ತು ತರುತ್ತಾನೆ. ಈಗೀಗ ಇವನು ಕೆಮ್ಮುವುದೂ ಸ್ವೀಡಿಷ್‌ನಲ್ಲೇ ಎಂದು ಸಂಕೇತ್ ರೇಗಿಸುತ್ತಾರೆ.

ನೀನು ಮೂರು ವಾರದಿಂದ ನನ್ನ ಫೋನ್ ಎತ್ತಿಲ್ಲ. ಮನೆಯವರ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಹೋಗಿದ್ದೀಯ. ಅಕ್ಕ ಯಾಕೆ ಹೋದಳು ಎಂದು ಅಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ನಾನು ದಿನಾ ಹೆದರುತ್ತಿದ್ದೆ. ಯಾರೂ ಕೇಳಲಿಲ್ಲ. ಅದೂ ಬೇಜಾರಾಯಿತು. ಫೋನನ್ನಾದರೆ ಕತ್ತರಿಸಬಹುದು, ಅಂಚೆಯವನು ತಂದುಕೊಟ್ಟ ಕಾಗದವನ್ನು ಓದದೆ ಹರಿಯುವವಳಲ್ಲ ನೀನು. ಕಡಲೆಕಾಯಿ ಕಟ್ಟಿದ ಪೇಪರನ್ನೂ ಬಿಡಿಸಿ ನೇರ ಮಾಡಿಕೊಂಡು ಓದುತ್ತಿದ್ದವಳು. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಬಹುಶಃ ಭಾವನೇ ಒಳಗೆ ತಂದುಕೊಡುತ್ತಾರೆ. ಒಡೆದು ನೋಡುವವರಲ್ಲ, ಆದರೂ ಅಡುಗೆಮನೆಗೆ ಹೋಗಿ ಓದು.

ಈ ಡಬ್ಬಿಂಗ್ ಕೆಲಸ ನನಗೆ ಸಿಕ್ಕಾಗ ಮೊದಲು ಸಿಹಿ ಮಾಡಿದವಳು ನೀನೇ. ಸಂಕೇತ್ ಕಾರ್ಖಾನೆಯಲ್ಲಿ ದಿನವಿಡೀ ಟ್ರಾನ್ಸ್‌ಫಾರ್ಮರ್‌ಗಳ ಜೊತೆ ಕಳೆದು ಬರುವಷ್ಟರಲ್ಲಿ ಜಾಕೆಟ್ಟು, ಗ್ಲೌಸು ಒಣಹಾಕಿಕೊಂಡು ಕೂತಿರುತ್ತಿದ್ದ ನಾನು ಹಟ ಹಿಡಿದು ಇಲ್ಲಿನ ಭಾಷೆ ಕಲಿತೆ. ಬೆಂಗಳೂರಿನ ಒಂದು ಸ್ಟುಡಿಯೋದವರಿಗೆ ಇಲ್ಲಿನ ಧಾರಾವಾಹಿಗಳನ್ನು ಇಂಗ್ಲಿಷಿನಿಂದಲ್ಲ, ನೇರವಾಗಿ ಸ್ವೀಡಿಷ್‌ನಿಂದ ಕನ್ನಡಕ್ಕೆ ತರುವವರು ಬೇಕಿತ್ತು. ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಯಜಮಾನ ತುಟಿ. ಪರದೆಯ ಮೇಲಿನವರು ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಇವರು ‘ಮಮ್ಮಾ’ ಎಂದಲ್ಲಿ ನಾವು ‘ಅಮ್ಮಾ’ ಎಂದರೆ ಹೊಲಿಗೆಯೇ ಕಾಣದ ಹಾಗೆ ಕೂರುತ್ತದೆ. ಉಳಿದ ಕಡೆಯೆಲ್ಲ ಒದ್ದಾಟ. ಆದರೆ ನಟಿ ಬೆನ್ನು ತಿರುಗಿಸಿ ನಿಂತಳೆಂದರೆ ತುಟಿಯ ಕಾಟವಿಲ್ಲ, ಅಲ್ಲಿ ಎಷ್ಟು ಮಾತು ಬೇಕಾದರೂ ತುಂಬಬಹುದು. ಡಬ್ಬಿಂಗ್ ನಿರ್ದೇಶಕ ರಾಘವ್ ಮೊದಲ ದಿನವೇ ಹೇಳಿದ್ದರು, “ಮೇಡಂ, ಇವ್ರು ಮಾತೇ ಆಡಲ್ಲ. ನಮ್ ಜನ ಸೌಂಡ್ ಹೋಯ್ತು ಅಂದ್ಕೊಂಡು ರಿಮೋಟ್ ತಟ್ತಾರೆ. ಬೆನ್ನು ಕಂಡ ಕಡೆಯೆಲ್ಲ ತುಂಬ್ಸಿ.” ಎಲ್ಲರೂ ಹೀಗೇ ಮಾಡುತ್ತಾರಂತೆ. ನಾನು ನಕ್ಕು ಒಪ್ಪಿಕೊಂಡೆ.

ಆ ಧಾರಾವಾಹಿಯ ಕಥೆಯನ್ನು ನೀನು ಪೂರ್ತಿ ನೋಡಲಿಲ್ಲ, ನೋಡುವ ಹಾಗೆ ನಾನು ಬಿಡಲಿಲ್ಲ. ಕಾರ್ಲ್‌ಸ್ಕ್ರೂನಾ ಕಡೆಯ ಒಂದು ಸಮುದ್ರದ ಊರು. ಮಾರ್ಟಾ ಎಂಬ ಹೆಂಗಸು. ಗಂಡ ಹಡಗಿನ ಮೇಲೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಕಾಲು ಬಾರದ ಅತ್ತೆ. ನಗರಸಭೆಯವರು ಕಳಿಸುವ ಸಹಾಯಕಿಯರನ್ನು ಆ ಮುದುಕಿ ಬಾಗಿಲಿಂದಲೇ ಅಟ್ಟುತ್ತಾಳೆ, ಎಲ್ಲ ಸೊಸೆಯ ಕೈಯಿಂದಲೇ ಆಗಬೇಕು. ಪಕ್ಕದ ದ್ವೀಪಕ್ಕೆ ದೋಣಿ ನಡೆಸುವವನೊಬ್ಬನಿಗೆ ಮಾರ್ಟಾ ಎಂದರೆ ಇಷ್ಟ, ಅವಳಿಗೂ ಅವನೆಂದರೆ ಇಷ್ಟ. ಅವನ ಜೊತೆ ಹೋದರೆ ಮುದುಕಿಯ ಗತಿ ಏನು, ಹೋಗದಿದ್ದರೆ ತನ್ನ ಗತಿ ಏನು, ಎಂಟು ಕಂತೂ ಇಷ್ಟೇ. ಈ ದೇಶದಲ್ಲಿ ಸೊಸೆ ಅತ್ತೆಗೆ ಸ್ನಾನ ಮಾಡಿಸುವುದೇ ಅಪರೂಪ, ಅದಕ್ಕೇ ಅದರ ಮೇಲೆ ಧಾರಾವಾಹಿ ಮಾಡಿದ್ದಾರೆ. ನಮ್ಮ ತುಮಕೂರಿನಲ್ಲಿ ಅದೇ ಕೆಲಸ ಮಾಡುವವಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅತ್ತೆಯವರ ಸೊಂಟದ ಮೂಳೆ ಮುರಿದ ವರ್ಷ ನೀನು ಆಡಿಟರ್ ಆಫೀಸಿನ ಕೆಲಸ ಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ, ನಾನೂ ಸೇರಿ.

ಹೋದ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನೀನು ಟೆರೇಸಿನಿಂದ ಫೋನ್ ಮಾಡಿದ್ದೆ. ಬಟ್ಟೆ ಕೊಡವುವ ಸದ್ದು, ಬಕೆಟ್ ಎಳೆಯುವ ಸದ್ದು ಕೇಳುತ್ತಿತ್ತು. ಮೊದಲು ಮಾವಿನಕಾಯಿ ವಿಷಯ ಮಾತಾಡಿದೆ, ಆಮೇಲೆ ನವ್ಯಾಳ ವಿಷಯ. ಆಮೇಲೆ ಹೇಳಿದೆ, “ಬೆಳಗ್ಗೆ ಅವ್ರ ರೂಮಿನ ಬಾಗಿಲು ತಳ್ಳೋವಾಗ, ಇವತ್ತು ಏಳದೇ ಇದ್ರೆ ಸಾಕಪ್ಪಾ ಅನ್ನಿಸ್ತು ಕಣೇ. ಎದ್ದಿದ್ರು. ಕಾಫಿಗೆ ಸಕ್ಕರೆ ಹಾಕು ಅಂತ ದಿನಾ ಮಾಡೋ ಜಗಳನೇ ಮಾಡಿದ್ರು. ಹಾಕ್ಬಿಟ್ಟೆ, ಎರಡು ಚಮಚ. ಪ್ರೀತಿಗೆ ಹಾಕ್ಲಿಲ್ಲ.” ಸಕ್ಕರೆ ಕಾಯಿಲೆ ಇರುವ ಅತ್ತೆಗೆ ವರ್ಷಗಟ್ಟಲೆ ಬೇಡ ಬೇಡ ಎಂದು ತಡೆದವಳು ನೀನು. ಯಾರಿಗೂ ಹೇಳಬೇಡ ಎಂದು ನೀನು ಅನ್ನಲಿಲ್ಲ. ತಂಗಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ನಾನು ಏನೋ ಸಮಾಧಾನ ಹೇಳಿದೆ, ಏನು ಹೇಳಿದೆನೋ ನೆನಪಿಲ್ಲ. ನಿನ್ನ ಮಾತು ಮಾತ್ರ ಒಂದಕ್ಷರ ಬಿಡದೆ ನೆನಪಿತ್ತು. ನನ್ನ ಬುದ್ಧಿ ನೋಡು.

ನಾಲ್ಕನೇ ಕಂತಿನಲ್ಲಿ ಮಾರ್ಟಾ ಒಲೆಯ ಮುಂದೆ ನಿಂತು ಕಾಫಿ ಮಾಡುತ್ತಾಳೆ. ಹಿಂದೆ ಮೇಜಿನ ಹತ್ತಿರ ಅತ್ತೆ ಗಾಲಿಕುರ್ಚಿಯಲ್ಲಿ. ಮಾರ್ಟಾ ತಿರುಗುವುದಿಲ್ಲ. ‘ಯಾಗ್ ಓರ್ಕರ್ ಇಂತೆ’ ಎನ್ನುತ್ತಾಳೆ, ಅಂದರೆ ನನ್ನ ಕೈಲಾಗುವುದಿಲ್ಲ ಎಂದಷ್ಟೇ. ಆಮೇಲೆ ಬಹಳ ಹೊತ್ತು ಅವಳ ಬೆನ್ನು, ಬಟ್ಟಲಿನಲ್ಲಿ ಚಮಚ ತಿರುಗುವ ಸದ್ದು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ನನಗೆ ನಿನ್ನ ಟೆರೇಸಿನ ಮಾತು ನೆನಪಾಯಿತು. ಕೈ ತಡೆಯಲಿಲ್ಲ. ಬಾಗಿಲು ತಳ್ಳುವಾಗ ಏಳದಿದ್ದರೆ ಸಾಕು ಎನ್ನಿಸಿದ್ದು, ಸಕ್ಕರೆ, ಪ್ರೀತಿಗಲ್ಲ ಎಂಬುದು, ಎಲ್ಲವನ್ನೂ ಆ ಬೆನ್ನಿಗೆ ಹೊರಿಸಿದೆ. ಎಲ್ಲಕ್ಕಿಂತ ನಾಚಿಕೆಯ ಸಂಗತಿ ಹೇಳುತ್ತೇನೆ ಕೇಳು. ನೀನು ಎರಡು ಚಮಚ ಎಂದಿದ್ದೆ. ಎರಡೆಂದರೆ ನೋಡುವವರ ಎದೆ ಝಲ್ಲೆನ್ನುವುದಿಲ್ಲ ಎಂದು ನಾನು ಮೂರು ಮಾಡಿದೆ. ನಿನ್ನ ಸಂಕಟಕ್ಕೆ ನಾನೇ ಒಂದು ಚಮಚ ಸೇರಿಸಿದೆ. ಬರೆದು ಮುಗಿಸಿ ಒಂದು ಸಲ ಜೋರಾಗಿ ಓದಿಕೊಂಡೆ, ಕಣ್ಣಲ್ಲಿ ನೀರು ಬಂತು, ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಬೀಗುತ್ತಾ ಎದ್ದು ಹೋಗಿ ಕುಕ್ಕರ್ ಇಟ್ಟೆ.

ಮಾರ್ಟಾಗೆ ದನಿ ಕೊಟ್ಟ ಕಲಾವಿದೆ ಸ್ಟುಡಿಯೋದಲ್ಲಿ ಅತ್ತರಂತೆ. ಧಾರಾವಾಹಿ ಬಂದಮೇಲೆ ಅದೊಂದೇ ತುಣುಕನ್ನು ಜನ ಕತ್ತರಿಸಿ ಸ್ಟೇಟಸ್‌ಗೆ ಹಾಕಿಕೊಂಡರು. ‘ನಮ್ಮನೆ ಕಥೆ’ ಎಂದು ಗೊತ್ತಿಲ್ಲದ ಹೆಂಗಸರೆಲ್ಲ ಬರೆದರು. ನನಗೆ ನೆಲ ಕಾಣಲಿಲ್ಲ. ಮನೆಯವರ ಗುಂಪಿಗೆ ಲಿಂಕ್ ಕಳಿಸಿದವಳು ನಾನೇ, ತಪ್ಪದೆ ನಾಲ್ಕನೇ ಕಂತು ನೋಡಿ ಎಂದು ಬರೆದವಳೂ ನಾನೇ. ಆ ಮಾತು ಅಲ್ಲಿದೆ ಎಂಬುದು ಮರೆತುಹೋಗಿತ್ತು ಎಂದು ನಿನಗೆ ಬರೆಯೋಣವೆಂದು ಎರಡು ಕಾಗದ ಹಾಳು ಮಾಡಿದೆ. ಮರೆತಿರಲಿಲ್ಲ ಅಕ್ಕ. ನಿನಗೆ ಹಿಡಿಸುತ್ತದೆ, ಯಾರಾದರೂ ನಿನ್ನ ಕಷ್ಟವನ್ನು ಗಟ್ಟಿಯಾಗಿ ಹೇಳಿದರಲ್ಲ ಎನ್ನಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅತ್ತೆಯವರು ಟೀವಿ ನೋಡುತ್ತಾರೆ ಎಂಬುದು ಮಾತ್ರ ತಲೆಗೆ ಬರಲಿಲ್ಲ. ಬಂದಿದ್ದರೂ ಲಿಂಕ್ ಕಳಿಸದೆ ಇರುತ್ತಿದ್ದೆನೋ ಇಲ್ಲವೋ, ಪ್ರಮಾಣ ಮಾಡಲಾರೆ. ಹೊಗಳಿಕೆ ಅಷ್ಟು ರುಚಿಯಾಗಿತ್ತು.

ಮೂರು ವಾರದ ಹಿಂದೆ ಆ ಭಾನುವಾರ ನಡೆದದ್ದನ್ನು ನವ್ಯಾ ನನಗೆ ಬರೆದಳು. ಅವಳನ್ನು ಬಯ್ಯಬೇಡ, ಪಾಪ, ಅವಳು ಮೊದಲು ಬರೆದದ್ದು ನನ್ನನ್ನು ಹೊಗಳಲಿಕ್ಕೆ. ಪಾವನಾ ಚಿಕ್ಕಿಯ ಧಾರಾವಾಹಿ ಎಂದು ಭಾವ ದೊಡ್ಡ ಟೀವಿಗೆ ಹಾಕಿದರಂತೆ. ಅತ್ತೆಯವರನ್ನು ದಿವಾನದ ಮೇಲೆ ದಿಂಬು ಒತ್ತಿಟ್ಟು ಕೂರಿಸಿದರಂತೆ. ನೀನು ಈರುಳ್ಳಿ ಬಜ್ಜಿ ಕರಿಯುತ್ತಿದ್ದೆಯಂತೆ, ತಟ್ಟೆ ಹಿಡಿದು ಹಾಲಿಗೆ ಬರುವುದಕ್ಕೂ ಮಾರ್ಟಾ ಬೆನ್ನು ತಿರುಗಿಸುವುದಕ್ಕೂ ಸರಿಹೋಯಿತಂತೆ. ನೀನು ತಟ್ಟೆ ಹಿಡಿದುಕೊಂಡೇ ನಿಂತೆಯಂತೆ. ಮಾತು ಮುಗಿದ ಮೇಲೆ ಅತ್ತೆಯವರು ಟೀವಿಯನ್ನೂ ನೋಡಲಿಲ್ಲ, ನಿನ್ನನ್ನೂ ನೋಡಲಿಲ್ಲ, “ಇದನ್ನ ನಮ್ಮ ಪಾವನಾ ಬರ್ದಿದ್ದಾ?” ಎಂದು ಕೇಳಿದರಂತೆ. ಭಾವ ಹೌದಮ್ಮಾ ಎಂದು ಹೆಮ್ಮೆಯಿಂದ ಹೇಳಿ ನನಗೆ ಆಗಲೇ ಹೆಬ್ಬೆರಳಿನ ಚಿತ್ರ ಕಳಿಸಿದರು. ಅವರಿಗೆ ಇವತ್ತಿಗೂ ಏನೂ ಅಂದಾಜಿಲ್ಲ ಎಂದು ಕಾಣುತ್ತದೆ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಅದಾಗಿ ಒಂದು ವಾರಕ್ಕೆ ನವ್ಯಾ ಮತ್ತೆ ಬರೆದಳು, “ಚಿಕ್ಕಿ, ಅಜ್ಜಿ ಸಕ್ಕರೆ ಕೇಳೋದೇ ಬಿಟ್ಟಿದ್ದಾರೆ. ಅಮ್ಮ ಕಾಫಿ ಇಟ್ಟು ನಿಂತ್ಕೋತಾಳೆ, ಅಜ್ಜಿ ತಲೆ ಎತ್ತಲ್ಲ. ಇಬ್ರೂ ಮಾತಾಡಲ್ಲ.” ಆ ಮನೆಯಲ್ಲಿ ನೀನು ಹಗಲೂ ರಾತ್ರಿ ಮಾಡಿದ್ದೆಲ್ಲ ಒಂದು ಕಡೆ, ನಾನು ಬರೆದ ಒಂದು ಸಾಲು ಒಂದು ಕಡೆ. ಅತ್ತೆ ನಿನ್ನ ಕೈಯ ಲೋಟವನ್ನು ನೋಡಿ ಏನೆಂದುಕೊಳ್ಳುತ್ತಾರೋ ಎಂದು ನೆನೆದು ಇಲ್ಲಿ ನಾನು ಮಾಡಿಕೊಂಡ ಕಾಫಿಯನ್ನು ಸಿಂಕಿಗೆ ಸುರಿಯುತ್ತೇನೆ.

ಸಂಕೇತ್‌ಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ, ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. “ಒಂದ್ಸಲ ಕೇಳಿ ಬರೀಬಹುದಿತ್ತಲ್ವಾ” ಎಂದು ಆದಿಯ ಬೂಟಿನ ಮಣ್ಣು ಕೊಡವಲು ಹೋದರು. ಇಲ್ಲಿನ ಲೈಬ್ರರಿಯಲ್ಲಿ ನನ್ನ ಜೊತೆ ವಾರಕ್ಕೊಮ್ಮೆ ಕೂತು ಸ್ವೀಡಿಷ್ ತಿದ್ದುವ ಬಿರ್ಗಿಟ್ಟಾ ಎಂಬ ಅಜ್ಜಿಯ ವಿಷಯ ನಿನಗೆ ಹೇಳಿದ್ದೆನಲ್ಲ. ಅವರಿಗೆ ಆ ಧಾರಾವಾಹಿ ಎಂದರೆ ಪ್ರಾಣ. ಇದೆಲ್ಲ ಆಗುವ ಮುಂಚೆ, ಕನ್ನಡದಲ್ಲಿ ಆ ದೃಶ್ಯ ಹೇಗಿದೆ ಎಂದು ಕೇಳಿದ್ದರು. ನಾನು ಬರೆದ ಸಾಲನ್ನು ಸ್ವೀಡಿಷ್‌ನಲ್ಲಿ ಹೇಳಿದೆ, ಶಭಾಸ್ ಎನ್ನುತ್ತಾರೆಂದು ಕಾದೆ. ಅವರು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗಿಟ್ಟು, ಆ ಹೆಂಗಸು ಹೇಳಲಾರದೆ ತಾನೇ ಬೆನ್ನು ತಿರುಗಿಸಿ ನಿಂತದ್ದು, ಅದನ್ನು ನೀನೇಕೆ ಹೇಳಿಸಿದೆ ಎಂದು ಕೇಳಿದರು. ಆಗ ನನಗೆ ಕೋಪ ಬಂದಿತ್ತು, ಇವರಿಗೇನು ಗೊತ್ತು ನಮ್ಮ ಜನ ಎಂದುಕೊಂಡಿದ್ದೆ. ಈಗ ದಿನಾ ಆ ಮಾತೇ ಕಿವಿಯಲ್ಲಿ. ನೀನೂ ಟೆರೇಸಿಗೆ ಹೋಗಿ, ಬಟ್ಟೆಗಳ ಕಡೆ ಮುಖ ಮಾಡಿ ನಿಂತು ಹೇಳಿದ್ದೆ.

ರಾಘವ್‌ಗೆ ಫೋನ್ ಮಾಡಿ ಆ ಸಾಲು ತೆಗೆದು ಮೂಲದಲ್ಲಿ ಇದ್ದಷ್ಟನ್ನೇ ಇಡಿ ಎಂದು ಬೇಡಿಕೊಂಡೆ. ಜನ ಮೆಚ್ಚಿದ್ದೇ ಅದನ್ನು, ಅದನ್ನೇ ತೆಗೆಯುವುದಾ ಎಂದು ನಕ್ಕರು. ಮುಂದಿನ ಭಾಗಕ್ಕೂ ಅಂಥದ್ದೇ ಮಾತು ಬೇಕಂತೆ. ಇನ್ನು ಮೇಲೆ ಪರದೆಯ ಮೇಲೆ ಆಡಿದ್ದನ್ನು ಬಿಟ್ಟು ಒಂದಕ್ಷರ ಸೇರಿಸುವುದಿಲ್ಲ ಎಂದೆ. ಯೋಚನೆ ಮಾಡಿ ಹೇಳುತ್ತೇವೆ ಮೇಡಂ ಎಂದರು, ಅಂದರೆ ಏನು ಅರ್ಥ ಎಂದು ನನಗೂ ಗೊತ್ತು. ಹೋದರೆ ಹೋಗಲಿ. ಇದನ್ನು ದೊಡ್ಡ ತ್ಯಾಗವೆಂದು ಬರೆಯುತ್ತಿಲ್ಲ, ನಿನ್ನ ಮುಂದೆ ಆ ಪದ ಬಳಸಲು ನಾಲಿಗೆ ಬರಬೇಕಲ್ಲ. ನೀನು ಆಡಿಟರ್ ಆಫೀಸು ಬಿಟ್ಟ ದಿನ ನಾನು ಇಲ್ಲಿಂದ ಒಂದು ಹೂಗುಚ್ಛದ ಚಿತ್ರ ಕಳಿಸಿದ್ದೆ, ಅಷ್ಟೇ. ಅಮ್ಮನ ಕೊನೆಯ ವರ್ಷವೂ ನಿನ್ನ ಕೈಯಲ್ಲೇ ಕಳೆಯಿತು. ನಾನು ಬಂದದ್ದು ತಿಥಿಯ ಬಾಳೆಲೆ ಹಾಕುವ ಹೊತ್ತಿಗೆ.

ಈಗ ನನಗೆ ತೋಚುತ್ತಿರುವುದು ಒಂದೇ ದಾರಿ. ನಿಮ್ಮ ಅತ್ತೆಯವರಿಗೆ ನಾನೇ ಫೋನ್ ಮಾಡಿ, ಆ ಮಾತು ನನ್ನದು, ಹೋದ ಬೇಸಿಗೆಯಲ್ಲಿ ನನ್ನ ಅತ್ತೆ, ಸಂಕೇತನ ಅಮ್ಮ, ಇಲ್ಲಿಗೆ ಬಂದಿದ್ದಾಗ ನನಗೆ ಅವರ ಮೇಲೆ ಅನ್ನಿಸಿದ್ದು, ಅದನ್ನೇ ಬರೆದೆ ಎಂದು ಹೇಳುತ್ತೇನೆ. ಅದು ನೆಂಟರ ಬಾಯಿಂದ ಬಾಯಿಗೆ ಹೋಗಿ ಸಂಕೇತನ ಅಮ್ಮನಿಗೂ ಮುಟ್ಟುತ್ತದೆ. ಮುಟ್ಟಲಿ. ಅವರು ಇನ್ನು ನನ್ನ ಕೈಯಲ್ಲಿ ಊಟ ಮಾಡದಿದ್ದರೆ ಅದು ನನಗೆ ತಕ್ಕದ್ದೇ. ಸಂಕೇತ್‌ಗೂ ಹೇಳಿದ್ದೇನೆ, ಅವರು ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ನೀನು ಹೂಂ ಎಂದರೆ ಆ ದಿನವೇ ಮಾಡುತ್ತೇನೆ. ಮಾತಾಡುವುದು ಬೇಡವೆಂದರೆ ಬೇಡ, ಒಂದು ಮಿಸ್ಡ್ ಕಾಲ್ ಕೊಡು ಸಾಕು.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದೂ ನಿನ್ನ ಮೇಲೇ ಒಂದು ಕೆಲಸ ಹೊರಿಸಿದ ಹಾಗೆ. ಭಾವನಿಗೆ ನಮಸ್ಕಾರ. ನವ್ಯಾಗೆ ಆದಿಯ ಕಡೆಯಿಂದ ಒಂದು ಚಿತ್ರ ಇಟ್ಟಿದ್ದೇನೆ, ಅದರಲ್ಲಿರುವುದು ಕರಡಿಯಲ್ಲ, ನಾನಂತೆ. ಅತ್ತೆಯವರಿಗೆ ನಮಸ್ಕಾರ ತಿಳಿಸು ಎಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ. ನಿನ್ನ ಪಾದಕ್ಕೆ ಮಾತ್ರ ಇಲ್ಲಿಂದಲೇ ಹಣೆ ಮುಟ್ಟಿಸುತ್ತೇನೆ.

ಹೇಗಿದ್ದರೂ ನಿನ್ನ ತಂಗಿ,
ಪಾವನಾ

ತಾ.ಕ. ಅಕ್ಕಾ, ಲಕೋಟೆಗೆ ಅಂಟು ಹಚ್ಚುವ ಮೊದಲೇ ತಡೆಯಲಾಗದೆ ನವ್ಯಾಳ ಫೋನಿಗೆ ಮಾಡಿಬಿಟ್ಟೆ. ನಿನ್ನ ಒಪ್ಪಿಗೆಗೆ ಕಾಯಲಿಲ್ಲ, ಬಯ್ಯಿ. ನೀನು ತರಕಾರಿಗೆ ಹೋಗಿದ್ದೆ. ನವ್ಯಾ ಫೋನನ್ನು ಅತ್ತೆಯವರ ಕೈಗೆ ಕೊಟ್ಟಳು. ಅಂದುಕೊಂಡಿದ್ದ ಸುಳ್ಳನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, “ಸುಳ್ಳು ಹೇಳ್ಬೇಡ ಮಗಳೇ. ಅದು ಶೋಭಾಳ ಮಾತು. ದಿನಾ ಜೊತೇಲಿರೋಳು, ಅವಳ ಮಾತು ನಂಗೆ ಗೊತ್ತಾಗಲ್ವಾ” ಎಂದರು. ಅವರೇ ಮುಂದುವರಿಸಿದರು, “ಆದ್ರೆ ಮೂರು ಚಮಚ ಅಂತ ಬರ್ದಿದ್ದೀಯಲ್ಲ, ಅದು ಮಾತ್ರ ಶುದ್ಧ ಸುಳ್ಳು. ಅವತ್ತು ಅವಳು ಹಾಕಿದ್ದು ಅರ್ಧ ಚಮಚನೂ ಇರ್ಲಿಲ್ಲ. ಇನ್ನೊಂಚೂರು ಹಾಕು ಅನ್ನೋಣ ಅಂತಿದ್ದೆ, ಅವಳ ಮುಖ ನೋಡಿ ಸುಮ್ನಾದೆ.” ಮತ್ತೆ ಯಾಕೆ ಸಕ್ಕರೆ ಕೇಳುವುದನ್ನು ಬಿಟ್ಟಿರಿ ಎಂದು ಕೇಳಿದೆ. “ಅವಳಿಗೆ ಅಷ್ಟು ಸಾಕಾಗಿದೆ ಅಂತ ನಾನು ಟೀವಿ ನೋಡಿ ತಿಳ್ಕೋಬೇಕಾಯ್ತಲ್ಲ, ನಾಚಿಕೆ ಆಯ್ತು. ದಿನಾ ಬೆಳಗ್ಗೆ ಅದೊಂದು ಜಗಳನಾದ್ರೂ ತಪ್ಲಿ ಅಂತ ಬಿಟ್ಟೆ” ಎಂದರು. ಇದನ್ನು ನಿನಗೆ ಹೇಳಿ ಎಂದರೆ, ಯಾವ ಮುಖ ಇಟ್ಕೊಂಡು ಹೇಳ್ಲಿ ಎಂದು ಫೋನನ್ನು ನವ್ಯಾಗೆ ಕೊಟ್ಟುಬಿಟ್ಟರು. ಅಕ್ಕಾ, ನೀನು ಎರಡು ಚಮಚ ಎಂದೆ, ಸ್ವಂತ ತಂಗಿ ನಾನು ನಂಬಿದೆ, ಮೂರು ಮಾಡಿ ಲೋಕಕ್ಕೆ ಸಾರಿದೆ. ಅತ್ತೆ ನಂಬಲಿಲ್ಲ. ಈ ಕಾಗದ ಕೈಸೇರಿದ ಮಾರನೇ ಬೆಳಗ್ಗೆ, ಅವರು ಕೇಳದಿದ್ದರೂ, ಲೋಟಕ್ಕೆ ಆ ಅರ್ಧ ಚಮಚ ಹಾಕಿ ಕೊಡು.